ಪೆಟ್ರೋಲಿಗೆ ಸೀಸ ಬೆರೆಸಿದವನು: ಥಾಮಸ್ ಮಿಜ್ಲಿಯ ಜೀವನ

ಕಬ್ಬಿನ ಹಂಗಾಮಿನಲ್ಲಿ ಅಫಜಲಪುರದ ಮಾರ್ಗವಾಗಿ ಸಂಚರಿಸುವವರಿಗೆ ಜೋಡಿ ಟ್ರೇಲರುಗಳನ್ನೆಳೆಯುವ ಟ್ರ್ಯಾಕ್ಟರುಗಳ ಸಾಲು ಎದುರಾಗುವುದು ವಾಡಿಕೆಯಾಗಿದೆ. ಆಳಂದ ತಾಲೂಕಿನ ಭೂಸನೂರ, ಅಫಜಲಪುರ ತಾಲೂಕಿನ ಹಾವಳಗಾ, ಹಳೆಯ ಜೇವರ್ಗಿ ತಾಲೂಕಿನ ಮಳ್ಳಿ-ನಾಗರಹಳ್ಳಿ, ಈ ಮೂರೆಡೆಗಳಲ್ಲಿಯೂ ಸಕ್ಕರೆ ಕಾರಖಾನೆಗಳು ನಿಂತಿರುವವು. ತೊಗರಿಯ ಕಣಜವೆಂದು ಹೆಸರಾದ ಈ ಸೀಮೆಯಲ್ಲಿ ಭೀಮೆಯ ನೀರು ಹಾಯುವ ಹೊಲಗಳು ಒಂದೊಂದಾಗಿ ಕಬ್ಬಿಗೆ ತಿರುಗುತ್ತಲಿವೆ. ಕಬ್ಬಿನ ರಸದಿಂದಲೂ ಕಾಕಂಬಿಯಿಂದಲೂ ಇಳಿಸಿದ ಮದ್ಯಸಾರವು, ಎಂದರೆ ಈಗಿನವರು ಎಥನಾಲ್ ಎನ್ನುವ ದ್ರವವು, ತೈಲ ಕಂಪನಿಗಳ ಡಿಪೋ ಸೇರಿ, ನೂರಕ್ಕೆ 20 ಪಾಲಿನಂತೆ ಪೆಟ್ರೋಲಿನಲ್ಲಿ ಬೆರೆತು, ಕಬ್ಬು ಬೆಳೆದ ರೈತನ ಮೋಟಾರ್ ಸೈಕಲ್ಲಿನ ಟ್ಯಾಂಕಿಗೇ ಮರಳಿ ಬರುತ್ತದೆ.

ಮಿಶ್ರಣವಿಲ್ಲದ ಪೆಟ್ರೋಲನ್ನು ಕೇಳುವವನಿಗೆ ಈ ಮೂರು ತಾಲೂಕುಗಳ ಸಾಮಾನ್ಯ ಬಂಕುಗಳಲ್ಲಿ ಅದು ದೊರೆಯದು. ಎಥನಾಲ್ ಇಲ್ಲದ್ದೆಂದು ವಾಹನಪ್ರಿಯರು ಅರಸುವ ನೂರು ಆಕ್ಟೇನಿನ ಪೆಟ್ರೋಲು ದೊಡ್ಡ ನಗರಗಳ ಆಯ್ದ ಬಂಕುಗಳಲ್ಲಿ ಮಾತ್ರ ಇರುವುದಲ್ಲದೆ ಅದರ ಬೆಲೆಯು ಸಾಮಾನ್ಯನ ಕೈಗೆ ಎಟಕುವಂಥದಲ್ಲ. ಬೆರಕೆಯಿಲ್ಲದ ಪೆಟ್ರೋಲನ್ನೂ ಮಾರಾಟಕ್ಕಿಡಬೇಕೆಂದು ಸಲ್ಲಿಸಲಾದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರ್ 1ರಂದು ವಜಾಗೊಳಿಸಿತು. ಈ ವಾದವು ಇತ್ತೀಚಿನದೆಂದು ಹಲವರು ಭಾವಿಸಿರುವರು. ವಸ್ತುಸ್ಥಿತಿ ಹಾಗಿಲ್ಲ. ಪೆಟ್ರೋಲಿಗೆ ಏನನ್ನು ಬೆರೆಸಬೇಕು, ಅದನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆಯು ನೂರು ವರ್ಷಗಳ ಹಿಂದೆ ಅಮೇರಿಕೆಯಲ್ಲಿ ಎದ್ದಿತ್ತು. ಆಗ ಮದ್ಯಸಾರವು ಸೋತಿತು, ಸೀಸವು ಗೆದ್ದಿತು. ಎರಡನ್ನೂ ತನ್ನ ಕೈಯಾರೆ ಪರೀಕ್ಷಿಸಿ, ಎರಡರ ಗುಣವನ್ನೂ ಬಲ್ಲವನಾಗಿದ್ದು, ಕೊನೆಗೆ ಸೀಸದ ಪಕ್ಷವನ್ನು ವಹಿಸಿದ ಥಾಮಸ್ ಮಿಜ್ಲಿಯ ಜೀವನವನ್ನು ಈ ಸಂದರ್ಭದಲ್ಲಿ ವಾಚಕರ ಮುಂದಿಡುವುದು ಉಚಿತವೆಂದು ನಮಗೆ ತೋರಿದೆ.

ಮಿಜ್ಲಿಯು 1889ನೆಯ ಇಸವಿಯ ಮೇ 18ರಂದು ಪೆನ್ಸಿಲ್ವೇನಿಯಾ ಪ್ರಾಂತದ ಬೀವರ್ ಫಾಲ್ಸ್ ಎಂಬ ಊರಿನಲ್ಲಿ ಹುಟ್ಟಿದನು. ಶೋಧಕ ಬುದ್ಧಿಯು ಆ ಮನೆತನಕ್ಕೆ ಹೊಸದಾಗಿರಲಿಲ್ಲ. ತಾಯಿಯ ತಂದೆಯು ಗರಗಸದ ಹಲ್ಲುಗಳ ಸುಧಾರಣೆಯಿಂದ ಹೆಸರು ಪಡೆದವನು. ತಂದೆಯು ಮೋಟಾರು ಟೈರುಗಳ ವಿಷಯದಲ್ಲಿ ತಲೆ ಓಡಿಸಿದವನು. ಬಾಲ್ಯವು ಓಹಾಯೋ ಪ್ರಾಂತದ ಕೊಲಂಬಸ್ ನಗರದಲ್ಲಿ ಕಳೆಯಿತು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿ 1911ರಲ್ಲಿ ಯಂತ್ರಶಾಸ್ತ್ರದ ಪದವಿಯನ್ನು ಸಂಪಾದಿಸಿದನು. ರಸಾಯನಶಾಸ್ತ್ರದಲ್ಲಿ ಜಗತ್ತಿಗೇ ಹೆಸರಾದ ಈ ಮನುಷ್ಯನು ಆ ಶಾಸ್ತ್ರದಲ್ಲಿ ಪದವೀಧರನಲ್ಲವೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಮೂಲಧಾತುಗಳ ಕೋಷ್ಟಕವನ್ನು ಅವನು ಸದಾ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದನಂತೆ.

ತಂದೆಯೊಡನೆ ಹೂಡಿದ ಟೈರಿನ ವ್ಯಾಪಾರವು ಕೈಹಿಡಿಯದಿರಲು, 1916ರಲ್ಲಿ ಡೇಟನ್ ನಗರದ ಚಾರ್ಲ್ಸ್ ಕೆಟರಿಂಗನ ಪ್ರಯೋಗಶಾಲೆಯನ್ನು ಸೇರಿದನು. ಕೈಯಿಂದ ಹಿಡಿಕೆ ತಿರುಗಿಸದೆಯೇ ಮೋಟಾರನ್ನು ಚಾಲೂ ಮಾಡುವ ವಿದ್ಯುತ್ ಸಾಧನವನ್ನು ನಿರ್ಮಿಸಿದ ಕೆಟರಿಂಗನು ಆ ಕಾಲದ ಮೋಟಾರು ಉದ್ಯಮದಲ್ಲಿ ಬಹು ದೊಡ್ಡ ಆಸಾಮಿ. ಎಂಜಿನಿನೊಳಗೆ ಕೇಳಿಬರುವ ಕಟಕಟ ಬಡಿತವು ಅವನನ್ನು ಕಾಡುತ್ತಿತ್ತು. ಗಾಳಿಯೂ ಪೆಟ್ರೋಲಿನ ಆವಿಯೂ ಸೇರಿ ಒತ್ತಲ್ಪಟ್ಟಾಗ, ಕಿಡಿಯ ಜ್ವಾಲೆ ತಲಪುವ ಮೊದಲೇ ಆವಿಯ ಒಂದು ಭಾಗವು ತಾನಾಗಿ ಹೊತ್ತಿಕೊಂಡು ಕೊಳವೆಯ ಗೋಡೆಗೆ ಸುತ್ತಿಗೆಯಂತೆ ಬಡಿಯುತ್ತದೆ. ಒತ್ತಡವನ್ನು ಹೆಚ್ಚಿಸಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ದಾರಿ ಸಾಗಬಹುದು. ಆದರೆ ಒತ್ತಡ ಹೆಚ್ಚಿದಷ್ಟೂ ಬಡಿತವೂ ಹೆಚ್ಚುವುದು. ಅಮೇರಿಕೆಯ ಎಣ್ಣೆಯ ಬಾವಿಗಳು ಬೇಗನೆ ಬತ್ತಿಹೋಗುವವೆಂಬ ಭೀತಿಯು ಆಗ ಹಬ್ಬಿತ್ತಾದುದರಿಂದ ಬಡಿತವನ್ನು ನಿಲ್ಲಿಸುವ ದ್ರವ್ಯವನ್ನು ಹುಡುಕುವ ಕೆಲಸವನ್ನು ಕೆಟರಿಂಗನು ಮಿಜ್ಲಿಗೆ ಒಪ್ಪಿಸಿದನು.

ಶೋಧದ ಆರಂಭವು ಒಂದು ತಪ್ಪು ಕಲ್ಪನೆಯಿಂದಾಯಿತೆಂಬುದು ಸ್ವಾರಸ್ಯಕರವಾಗಿದೆ. ಹಿಮ ಕರಗುವ ಮೊದಲೇ ಅರಳುವ ಒಂದು ಗಿಡದ ಎಲೆಯ ಕೆಂಪು ಬಣ್ಣವು ಶಾಖವನ್ನು ಹೀರಿಕೊಳ್ಳುತ್ತಿರಬಹುದೆಂದೂ, ಹಾಗೆಯೇ ಪೆಟ್ರೋಲಿಗೂ ಕೆಂಪು ಬಣ್ಣ ಹಾಕಿ ನೋಡಬಹುದೆಂದೂ ಗುರುಶಿಷ್ಯರಿಬ್ಬರೂ ಊಹಿಸಿದರು. ಕೆಂಪು ಬಣ್ಣ ಸಿಕ್ಕದೆ ಮಿಜ್ಲಿಯು ಆಯೋಡಿನ್ ಹಾಕಿದನು. ಬಡಿತವು ನಿಂತಿತು! ಬಳಿಕ ನಿಜವಾದ ಕೆಂಪು ಬಣ್ಣಗಳನ್ನು ಹಾಕಿ ನೋಡಿದರೆ ಏನೂ ಆಗಲಿಲ್ಲ. ಗುಣವಿದ್ದುದು ಬಣ್ಣದಲ್ಲಲ್ಲ, ಆಯೋಡಿನಿನಲ್ಲಿ. ಅಲ್ಲಿಂದ ಮುಂದೆ ಅನೇಕ ದ್ರವ್ಯಗಳ ಪರೀಕ್ಷೆ ನಡೆಯಿತು. ಟೆಲ್ಲೂರಿಯಮ್ಮಿನ ದುರ್ಗಂಧವು ಮೈಗೂ ಬಟ್ಟೆಗೂ ಅಂಟಿಕೊಂಡು, ಸ್ನಾನ ಮಾಡಿದಷ್ಟೂ ಬಿಡದೆ, ಪ್ರಯೋಗಶಾಲೆಯವರನ್ನು ಕಂಡರೆ ಜನರು ದೂರ ಸರಿಯುವಂತಾಯಿತು.

ಈ ಹುಡುಕಾಟದ ನಡುವೆ ಮದ್ಯಸಾರವು ಅವನ ಕಣ್ಣಿಗೆ ಬಿದ್ದಿತು. ಅದರಲ್ಲಿ ಬಡಿತವನ್ನು ತಡೆಯುವ ಗುಣವು ಸಹಜವಾಗಿಯೇ ಇದೆ. ಮದ್ಯಸಾರವನ್ನು ಪೆಟ್ರೋಲಿನೊಡನೆ ಬೆರೆಸಿದ ಇಂಧನಕ್ಕಾಗಿ ಮಿಜ್ಲಿಯು 1920ರಲ್ಲಿ ಪೇಟೆಂಟಿಗೆ ಅರ್ಜಿಯನ್ನೂ ಹಾಕಿದನು. 1921ರ ಅಕ್ಟೋಬರಿನಲ್ಲಿ ನೂರಕ್ಕೆ 30 ಪಾಲು ಮದ್ಯಸಾರ ಬೆರೆಸಿದ ಇಂಧನದಿಂದ ಮೋಟಾರನ್ನು ನಡೆಸಿಕೊಂಡು ಇಂಡಿಯಾನಾಪೊಲಿಸಿನಲ್ಲಿ ನೆರೆದ ಮೋಟಾರು ತಜ್ಞರ ಸಭೆಗೆ ಹೋಗಿ, ಅದರ ಗುಣವನ್ನು ಎಲ್ಲರೆದುರಿಗೆ ಕೊಂಡಾಡಿದನು. ಇಂದು ನಮ್ಮ ಬಂಕುಗಳಲ್ಲಿರುವ 20ರ ಮಿಶ್ರಣಕ್ಕೆ ಬೆರಗಾಗುವವರು, ಅದಕ್ಕೂ ಗಟ್ಟಿಯಾದ ಮಿಶ್ರಣವು ನೂರು ವರ್ಷಗಳ ಹಿಂದೆಯೇ ರಸ್ತೆಯಲ್ಲಿ ಓಡಿತ್ತೆಂಬುದನ್ನು ಅರಿಯಬೇಕು.

ಇದಾದ ಎರಡು ತಿಂಗಳೊಳಗೆ ಎಲ್ಲವೂ ಬದಲಾಯಿತು. 1921ರ ಡಿಸೆಂಬರ್ 9ರಂದು ಟೆಟ್ರಾ ಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಎಂಜಿನಿಗೆ ಹಾಕಿದಾಗ ಬಡಿತವು ಒಮ್ಮೆಲೆ ಅಡಗಿತು. ಮದ್ಯಸಾರವು ನೂರಕ್ಕೆ ಹತ್ತು, ಇಪ್ಪತ್ತು ಪಾಲು ಬೇಕಾಗುವಲ್ಲಿ, ಇದು ಸಾವಿರಕ್ಕೂ ಹೆಚ್ಚು ಪಾಲು ಪೆಟ್ರೋಲಿಗೆ ಒಂದು ಪಾಲು ಸಾಕು. ವ್ಯಾಪಾರದ ದೃಷ್ಟಿಯಿಂದ ಈ ಎರಡಕ್ಕೂ ಇದ್ದ ಅಂತರವನ್ನು ವಿವರಿಸುವುದು ಅವಶ್ಯವಾಗಿದೆ. ಮದ್ಯಸಾರವನ್ನು ಯಾವ ರೈತನಾದರೂ ಜೋಳದಿಂದಲೋ ಬೆಲ್ಲದಿಂದಲೋ ಇಳಿಸಬಲ್ಲನು. ಅದರ ಮೇಲೆ ಯಾರ ಏಕಸ್ವಾಮ್ಯವೂ ನಿಲ್ಲದು. ಮೇಲಾಗಿ ಪೆಟ್ರೋಲಿನ ಐದನೆಯ ಒಂದು ಪಾಲನ್ನು ಮದ್ಯಸಾರವು ಆಕ್ರಮಿಸಿದರೆ ಎಣ್ಣೆ ಕಂಪನಿಗೆ ಅಷ್ಟು ವ್ಯಾಪಾರ ತಪ್ಪಿದಂತೆಯೇ. ಅಮೇರಿಕೆಯಲ್ಲಿ 1920ರಿಂದ ಪಾನನಿರೋಧವೂ ಜಾರಿಯಲ್ಲಿದ್ದು ಮದ್ಯಸಾರದ ವ್ಯವಹಾರಕ್ಕೆ ತೊಡಕುಗಳು ಹೆಚ್ಚಿದ್ದವು. ಸೀಸದ ದ್ರವ್ಯವಾದರೋ ಪೇಟೆಂಟಿಗೆ ಒಳಪಟ್ಟುದು. ಮಾರಿದ ಪ್ರತಿಯೊಂದು ಗ್ಯಾಲನ್ನಿನಿಂದಲೂ ಒಡೆಯನಿಗೆ ಲಾಭ ತರುವಂಥದು. ಜನರಲ್ ಮೋಟಾರ್ಸ್ ಕಂಪನಿಯು ಯಾವುದನ್ನು ಆರಿಸಿತೆಂದು ಹೇಳಬೇಕಾಗಿಲ್ಲ.

ಸೀಸವು ವಿಷವೆಂಬುದು ಆಗ ಯಾರಿಗೂ ತಿಳಿಯದ ಸಂಗತಿಯೇನಲ್ಲ. ಬಣ್ಣದ ಕೆಲಸಗಾರರ, ಕುಂಬಾರರ, ಅಚ್ಚುಮೊಳೆಗಾರರ ಬಾಧೆಯನ್ನು ವೈದ್ಯರು ತಲೆಮಾರುಗಳಿಂದ ಕಂಡಿದ್ದರು. 1922ರಲ್ಲಿ ಅಮೇರಿಕೆಯ ಆರೋಗ್ಯಾಧಿಕಾರಿಗಳ ಮುಖ್ಯಸ್ಥನು ಈ ಕುರಿತು ವಿಚಾರಿಸಿದಾಗ, ಬೀದಿಗಳಲ್ಲಿ ಸೀಸದ ಅಂಶವು ಗುರುತಿಸಲಾಗದಷ್ಟು ಅಲ್ಪವಾಗಿರುವುದೆಂದು ಮಿಜ್ಲಿಯು ಉತ್ತರ ಬರೆದನು. ಆ ವಿಷಯದಲ್ಲಿ ಪ್ರಯೋಗವನ್ನು ಇನ್ನೂ ಮಾಡಿಲ್ಲವೆಂದೂ ಅದೇ ಉತ್ತರದಲ್ಲಿ ಒಪ್ಪಿಕೊಂಡನು. ಪ್ರಯೋಗವಿಲ್ಲದೆ ಕೊಟ್ಟ ಈ ಅಭಯವು ಅವನ ಜೀವನದ ಮೇಲಿನ ಮೊದಲ ಕಲೆಯೆಂದು ನಾವು ಭಾವಿಸುತ್ತೇವೆ. ಕೆಲವೇ ದಿನಗಳಲ್ಲಿ, 1923ರ ಆರಂಭದಲ್ಲಿ, ತನ್ನ ಶ್ವಾಸಕೋಶಗಳಿಗೇ ಸೀಸದ ಸೋಂಕು ತಗಲಿ, ಅವನು ಕೆಲಸ ಬಿಟ್ಟು ಫ್ಲಾರಿಡಾದ ಬಿಸಿಲಿಗೆ ಹೋಗಿ ಕೆಲವು ವಾರ ಇರಬೇಕಾಯಿತು. ಅದೇ ಫೆಬ್ರವರಿಯಲ್ಲಿ ಡೇಟನ್ ನಗರದ ಒಂದು ಬಂಕಿನಲ್ಲಿ ಸೀಸದ ಪೆಟ್ರೋಲಿನ ಮಾರಾಟವು ಆರಂಭವಾಯಿತು.

ಆ ಸರಕಿಗೆ ಕೊಟ್ಟ ಹೆಸರನ್ನು ಗಮನಿಸಬೇಕು. ಅದರಲ್ಲಿ ಸೀಸವೆಂಬ ಮಾತೇ ಇರಲಿಲ್ಲ. ಈಥೈಲ್ ಎಂದಷ್ಟೇ ಕರೆದರು. ಮದ್ಯಸಾರದ ಶಾಸ್ತ್ರೀಯ ಹೆಸರಿನಲ್ಲಿಯೂ ಅದೇ ಶಬ್ದವಿರುವುದು ಕಾಕತಾಳೀಯವಾಗಿರಬಹುದು. ಕೊಳ್ಳುವವನಿಗೆ ಮಾತ್ರ ತನ್ನ ಟ್ಯಾಂಕಿನೊಳಗೆ ಏನು ಬಿದ್ದಿತೆಂಬುದು ಹೆಸರಿನಿಂದ ತಿಳಿಯುವಂತಿರಲಿಲ್ಲ. 1924ರಲ್ಲಿ ಜನರಲ್ ಮೋಟಾರ್ಸ್ ಮತ್ತು ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಗಳು ಕೂಡಿ ಈಥೈಲ್ ಗ್ಯಾಸೊಲಿನ್ ಕಾರ್ಪೊರೇಶನ್ನನ್ನು ಸ್ಥಾಪಿಸಿದವು. ಮಿಜ್ಲಿಯು ಅದರ ಉಪಾಧ್ಯಕ್ಷನಾದನು.

ಆ ವರ್ಷದ ಅಕ್ಟೋಬರಿನಲ್ಲಿ ಅನಾಹುತವು ಬಯಲಿಗೆ ಬಂದಿತು. ನ್ಯೂಜೆರ್ಸಿಯ ಬೇವೇ ಎಂಬಲ್ಲಿಯ ಕಾರಖಾನೆಯಲ್ಲಿ ಸೀಸದ ದ್ರವ್ಯವನ್ನು ತಯಾರಿಸುತ್ತಿದ್ದ ಕೂಲಿಗಳು ಬುದ್ಧಿಭ್ರಮಣೆಗೊಳಗಾಗಿ, ಇಲ್ಲದ್ದನ್ನು ಕಾಣುತ್ತ, ಕೈಕಾಲು ಕಟ್ಟಿಸಿಕೊಂಡು ಆಸ್ಪತ್ರೆ ಸೇರಿದರು. ಐವರು ಸತ್ತರು. ಡೇಟನ್ನಿನಲ್ಲಿಯೂ ಡೀಪ್‌ವಾಟರಿನ ಕಾರಖಾನೆಯಲ್ಲಿಯೂ ಬೇರೆ ಸಾವುಗಳು ಸಂಭವಿಸಿದ್ದುವು. ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ನ್ಯೂಯಾರ್ಕ್, ಫಿಲಡೆಲ್ಫಿಯಾ ಮೊದಲಾದ ನಗರಗಳು ಮಾರಾಟವನ್ನು ತಡೆದವು. ಆಗ, 1924ರ ಅಕ್ಟೋಬರ್ 30ರಂದು, ಮಿಜ್ಲಿಯು ಪತ್ರಕರ್ತರನ್ನು ಕರೆಯಿಸಿ ಅವರೆದುರಿಗೆ ಆ ದ್ರವವನ್ನು ತನ್ನ ಕೈಗಳ ಮೇಲೆ ಸುರಿದುಕೊಂಡು, ಸೀಸೆಯನ್ನು ಮೂಗಿಗೆ ಹಿಡಿದು ಒಂದು ನಿಮಿಷ ಮೂಸಿದನು. ಹೀಗೆ ದಿನವೂ ಮಾಡಿದರೂ ತನಗೆ ಬಾಧೆಯಿಲ್ಲವೆಂದು ಹೇಳಿದನು. ಹಿಂದಿನ ವರ್ಷ ತಾನೇ ಸೀಸದಿಂದ ಹಾಸಿಗೆ ಹಿಡಿದುದನ್ನು ಅವನು ಅಲ್ಲಿ ಹೇಳಲಿಲ್ಲ. ವಿಜ್ಞಾನಿಯೊಬ್ಬನು ಗಾರುಡಿಗನಂತೆ ಆಟ ತೋರಿಸುವ ಮಟ್ಟಕ್ಕಿಳಿದನೆಂದು ಹೇಳಲು ನಮಗೆ ಸಂಕೋಚವಾಗುತ್ತದಾದರೂ ನಡೆದುದು ಅದೇ.

1925ರ ಮೇ 20ರಂದು ವಾಷಿಂಗ್‌ಟನ್ನಿನಲ್ಲಿ ಸರಕಾರದ ವತಿಯಿಂದ ಒಂದು ಪರಿಷತ್ತು ಕೂಡಿತು. ಯೇಲ್ ವಿಶ್ವವಿದ್ಯಾಲಯದ ಯಾಂಡೆಲ್ ಹೆಂಡರ್ಸನ್ನನೂ ಹಾರ್ವರ್ಡಿನ ಆಲಿಸ್ ಹ್ಯಾಮಿಲ್ಟನ್ ಎಂಬ ವಿದುಷಿಯೂ, ಕೋಟ್ಯವಧಿ ವಾಹನಗಳು ಉಗುಳುವ ಸೀಸದ ಧೂಳು ನಗರಗಳ ಜನರಿಗೆ ನಿಧಾನವಾಗಿ ವಿಷವಿಕ್ಕುವುದೆಂದು ಸಾರಿ ಹೇಳಿದರು. ಬಡಿತವನ್ನು ತಡೆಯಲು ಸೀಸದ ಹೊರತು ಬೇರೆ ಉಪಾಯವಿಲ್ಲವೆಂಬುದು ಕಂಪನಿಯ ವಾದವಾಗಿತ್ತು. ಮಿಜ್ಲಿಯು ಅದೇ ವರ್ಷ ಪ್ರಕಟಿಸಿದ ಲೇಖನದಲ್ಲಿಯೂ ಇದೇ ಅಭಿಪ್ರಾಯವನ್ನು ಬರೆದನು. ನಾಲ್ಕು ವರ್ಷಗಳ ಹಿಂದೆ ಮದ್ಯಸಾರದ ಮೋಟಾರನ್ನು ನಡೆಸಿಕೊಂಡು ಇಂಡಿಯಾನಾಪೊಲಿಸಿಗೆ ಹೋದವನು ಇವನೇ. ಅವನ ಹಳೆಯ ಪ್ರಯೋಗವು ಅವನ ಹೊಸ ಮಾತಿಗೆ ಸಾಕ್ಷಿ ನುಡಿಯುವಂತಿರಲಿಲ್ಲ.

1926ರ ಆರಂಭದಲ್ಲಿ ತಜ್ಞರ ಸಮಿತಿಯು ಮಾರಾಟವನ್ನು ನಿಷೇಧಿಸಲು ಸಾಕಷ್ಟು ಕಾರಣವಿಲ್ಲವೆಂದು ವರದಿ ಮಾಡಿತು. ಆದರೆ ಸಮಿತಿಗೆ ದೊರೆತ ಕಾಲವು ಕೆಲವು ತಿಂಗಳುಗಳು ಮಾತ್ರ. ವರ್ಷಗಟ್ಟಲೆ ಪರೀಕ್ಷೆ ಮುಂದುವರಿಯಬೇಕೆಂದೂ ಅದಕ್ಕೆ ಸರಕಾರದ ಹಣ ಒದಗಬೇಕೆಂದೂ ಆ ಸಮಿತಿಯು ಸೂಚಿಸಿತ್ತು. ಸರಕಾರವು ಅದನ್ನು ಕೈಕೊಳ್ಳಲಿಲ್ಲ. ಮುಂದಿನ ನಾಲ್ಕು ದಶಕಗಳ ಕಾಲ ಸೀಸದ ಪರೀಕ್ಷೆಯು ಬಹುಮಟ್ಟಿಗೆ ಸೀಸ ಮಾರುವವರ ಹಣದಿಂದಲೇ ನಡೆಯಿತು.

ಬೇರೆ ದೇಶಗಳಲ್ಲಿ ಎಲ್ಲರೂ ಈ ದಾರಿಯನ್ನು ಹಿಡಿದಿರಲಿಲ್ಲ. ಫ್ರಾನ್ಸ್ ದೇಶವು 1923ರಲ್ಲಿಯೇ ಪೆಟ್ರೋಲಿಗೆ ಮದ್ಯಸಾರ ಬೆರೆಸಬೇಕೆಂದು ಕಾನೂನು ಮಾಡಿತು. ಅಮೇರಿಕೆಯ ಮಧ್ಯಪ್ರಾಂತಗಳ ಜೋಳದ ರೈತರು ಬೆಲೆ ಕುಸಿದು ಕಂಗಾಲಾದಾಗ, ಕ್ಯಾನ್ಸಾಸಿನ ಆಚಿಸನ್ ಎಂಬಲ್ಲಿ ಮದ್ಯಸಾರವನ್ನು ತಯಾರಿಸಿ 1930ರ ದಶಕದ ಕೊನೆಯಲ್ಲಿ ಅಗ್ರೋಲ್ ಎಂಬ ಹೆಸರಿನ ಮಿಶ್ರ ಇಂಧನವನ್ನು ಮಾರಲಾಯಿತು. ಎಣ್ಣೆ ಕಂಪನಿಗಳ ವಿರೋಧದೆದುರು ಆ ಸಾಹಸವು ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು.

ಮಿಜ್ಲಿಯ ಉಳಿದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು. ಶೈತ್ಯಪೆಟ್ಟಿಗೆಗಳಲ್ಲಿ ಬಳಸುತ್ತಿದ್ದ ವಿಷಾನಿಲಗಳಿಗೆ ಬದಲಾಗಿ 1928ರಲ್ಲಿ ಅವನೂ ಅವನ ಸಂಗಡಿಗರೂ ಫ್ರಿಯಾನ್ ಎಂಬ ಅನಿಲವನ್ನು ಕಂಡುಹಿಡಿದರು. 1930ರಲ್ಲಿ ರಸಾಯನಜ್ಞರ ಸಭೆಯಲ್ಲಿ ಅದನ್ನು ಎದೆತುಂಬ ಸೇದಿ, ಉರಿಯುವ ಮೇಣದ ಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದನು. ಈ ಸಲದ ಆಟದಲ್ಲಿ ಸುಳ್ಳಿರಲಿಲ್ಲ. ಅದು ಮನುಷ್ಯನಿಗೆ ವಿಷವಲ್ಲ. ಆದರೆ ಅದು ಆಕಾಶದ ಓಝೋನ್ ಪದರವನ್ನು ಸವೆಸುವುದೆಂದು 1974ರಲ್ಲಿ ತಿಳಿದುಬಂದು, 1987ರ ಮಾಂಟ್ರಿಯಲ್ ಒಪ್ಪಂದದಿಂದ ಜಗತ್ತೇ ಅದನ್ನು ಬಿಡಬೇಕಾಯಿತು. ಅವನ ಜೀವಮಾನದಲ್ಲಿ ಇದಾವುದೂ ತಿಳಿದಿರಲಿಲ್ಲವಾದ್ದರಿಂದ ಆ ಅಪರಾಧವನ್ನು ನಾವು ಅವನ ತಲೆಗೆ ಕಟ್ಟಲಾರೆವು. ಪರ್ಕಿನ್ ಪದಕ, ಪ್ರೀಸ್ಟ್ಲಿ ಪದಕ ಮೊದಲಾದ ಗೌರವಗಳು ಸಾಲುಸಾಲಾಗಿ ಬಂದವು. 1944ರಲ್ಲಿ ಅಮೇರಿಕನ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷನಾದನು.

1940ರಲ್ಲಿ, 51ನೆಯ ವಯಸ್ಸಿನಲ್ಲಿ, ಪೋಲಿಯೋ ರೋಗವು ತಗಲಿ ಅವನ ಕಾಲುಗಳ ಶಕ್ತಿ ಹೋಯಿತು. ಹಾಸಿಗೆಯಿಂದೇಳಲು ಹಗ್ಗ, ರಾಟೆಗಳ ಒಂದು ಸಾಧನವನ್ನು ತಾನೇ ರಚಿಸಿಕೊಂಡನು. 1944ರ ನವೆಂಬರ್ 2ರಂದು ಓಹಾಯೋದ ವರ್ದಿಂಗ್‌ಟನ್ ಊರಿನ ಮನೆಯಲ್ಲಿ ಆ ಹಗ್ಗಗಳೇ ಕೊರಳಿಗೆ ಬಿಗಿದು ಉಸಿರುಗಟ್ಟಿ ತೀರಿಕೊಂಡನು. ಆಗ ಅವನಿಗೆ 55 ವರ್ಷ.

ಅವನು ಹೋದರೂ ಸೀಸವು ಹೋಗಲಿಲ್ಲ. ಕ್ಲೇರ್ ಪ್ಯಾಟರ್ಸನ್ ಎಂಬ ಭೂರಸಾಯನಜ್ಞನು 1965ರಲ್ಲಿ, ಮನುಷ್ಯರ ಮೈಯಲ್ಲಿರುವ ಸೀಸವು ಸಹಜ ಪ್ರಮಾಣವನ್ನು ಎಷ್ಟೋ ಪಟ್ಟು ಮೀರಿದೆಯೆಂದು ತೋರಿಸಿದ ಬಳಿಕ ಗಾಳಿಯು ತಿರುಗಿತು. ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲು ಬಂದಿತು. 1999ರಲ್ಲಿ ಜಾರ್ಜ್ ಫೌಂಡೇಶನ್ ಸಂಸ್ಥೆಯು ನಗರದ ಮಕ್ಕಳ ರಕ್ತದಲ್ಲಿಯ ಸೀಸವನ್ನು ಪರೀಕ್ಷಿಸಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಲನವನ್ನು ಕೂಡಿಸಿತು. 2000ದ ಫೆಬ್ರವರಿಯಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲು ನಿಂತಿತು. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾ ದೇಶವು ಅದನ್ನು 2021ರಲ್ಲಿ ಬಿಟ್ಟಿತು. ಡೇಟನ್ನಿನ ಬಂಕಿನಿಂದ ಅಲ್ಲಿಯವರೆಗೆ 98 ವರ್ಷಗಳಾದವು.

ಮದ್ಯಸಾರದ ದಿನವು ಈ ನಡುವೆ ಮರಳಿ ಬಂದಿದೆ. ಸ್ವತಂತ್ರ ಭಾರತವು 1948ರಲ್ಲಿಯೇ ಪವರ್ ಆಲ್ಕೊಹಾಲ್ ಕಾಯದೆಯನ್ನು ಮಾಡಿತ್ತು. ಅದು ಬಹುಕಾಲ ಹೆಸರಿಗಷ್ಟೇ ಉಳಿದು, ಸೀಸವು ಹೋದ 2000ದಲ್ಲಿಯೇ ರದ್ದಾಯಿತೆಂಬುದು ವಿಚಿತ್ರವಾಗಿದೆ. 2003ರಲ್ಲಿ ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ ನೂರಕ್ಕೆ 5ರ ಮಿಶ್ರಣವು ಆರಂಭವಾಯಿತು. 2022ರಲ್ಲಿ 10ನ್ನು ಮುಟ್ಟಿತು. 2023ರ ಫೆಬ್ರವರಿ 6ರಂದು ಪ್ರಧಾನಮಂತ್ರಿಗಳು ಬೆಂಗಳೂರಿನಲ್ಲಿ 20ರ ಮಿಶ್ರಣಕ್ಕೆ ಚಾಲನೆ ಕೊಟ್ಟರು. 2030ರ ಗುರಿಯು 2025ರಲ್ಲಿಯೇ ಕೈಗೂಡಿತು.

ಎಥನಾಲು ಸೀಸವಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವಾದೀತು. ಅದು ವಿದೇಶೀ ಎಣ್ಣೆಯ ವೆಚ್ಚವನ್ನು ತಗ್ಗಿಸುವುದು, ಕಾರಖಾನೆಗೆ ಹಣ ಬೇಗ ಬರುವುದರಿಂದ ಕಬ್ಬಿನ ಬಾಕಿ ತೀರಲು ದಾರಿಯಾಗುವುದು. ಮಿಜ್ಲಿಯ ಕಾಲದ ರೈತನಿಗೆ ತಪ್ಪಿಹೋದ ಪಾಲು ನಮ್ಮ ಭೀಮಾ ತೀರದ ರೈತನಿಗೆ ದೊರೆಯುವುದಾದರೆ ನಮಗೆ ಸಂತೋಷವೇ. ಆದರೆ ಲೀಟರಿಗೆ ಲೀಟರು ಹೋಲಿಸಿದರೆ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲಿನಷ್ಟು ಶಕ್ತಿ ಕಡಿಮೆ. ಅದು ನೀರನ್ನು ಹೀರುವ ದ್ರವ. ಹಳೆಯ ವಾಹನಗಳ ರಬ್ಬರಿಗೂ ಸೀಲುಗಳಿಗೂ ಒಗ್ಗದು. ನೀತಿ ಆಯೋಗವು 2021ರಲ್ಲಿ ಪ್ರಕಟಿಸಿದ ಯೋಜನೆಯಲ್ಲಿಯೇ, ಹಳೆಯ ಬಗೆಯ ನಾಲ್ಕು ಚಕ್ರದ ವಾಹನಗಳಿಗೆ ನೂರಕ್ಕೆ 6ರಿಂದ 7ರಷ್ಟೂ, ದ್ವಿಚಕ್ರಗಳಿಗೆ 3ರಿಂದ 4ರಷ್ಟೂ ಮೈಲೇಜು ಇಳಿಯುವುದೆಂದು ಹೇಳಿತ್ತು. ಹಳೆಯ ವಾಹನಗಳ ರಕ್ಷಣೆಗಾಗಿ 10ರ ಮಿಶ್ರಣವನ್ನು ಉಳಿಸಿಕೊಳ್ಳಬೇಕೆಂದೂ ಸೂಚಿಸಿತ್ತು. ಸೂಚನೆಯ ಮೊದಲ ಭಾಗವು ತ್ವರಿತವಾಗಿ ಜಾರಿಗೆ ಬಂದಿತು, ಎರಡನೆಯದು ಹಿಂದೆ ಬಿದ್ದಿತು. ನಮ್ಮ ಮನೆಯ ಹಳೆಯ ಸ್ಕೂಟರಿನ ರಬ್ಬರು ನಳಿಕೆಯು ಕಳೆದ ವರ್ಷ ಮೆತ್ತಗಾಗಿ ಸೋರತೊಡಗಿತು. ಅದು ಎಥನಾಲಿನ ದೋಷವೋ ಸ್ಕೂಟರಿನ ವಯಸ್ಸಿನ ದೋಷವೋ ನಾವು ನಿರ್ಣಯಿಸಲಾರೆವು; ಮೇಸ್ತ್ರಿಯಂತೂ ಕ್ಷಣದಲ್ಲಿ ನಿರ್ಣಯಿಸಿಬಿಟ್ಟನು.

ನೀರಿನ ಲೆಕ್ಕವು ಇನ್ನೊಂದು. ಬರಗಾಲದಿಂದ ಸಕ್ಕರೆಗೆ ಕೊರತೆಯಾಗುವ ಭಯದಿಂದ ಕೇಂದ್ರ ಸರಕಾರವೇ 2023ರ ಡಿಸೆಂಬರಿನಲ್ಲಿ ಕಬ್ಬಿನ ರಸದಿಂದ ಎಥನಾಲ್ ಇಳಿಸುವುದನ್ನು ತಡೆಹಿಡಿಯಬೇಕಾಯಿತು. ಸೊನ್ನದ ಬ್ಯಾರೇಜಿನಲ್ಲಿಯೂ ಆಳಂದದ ಅಮರಜಾ ಜಲಾಶಯದಲ್ಲಿಯೂ ನೀರು ಎಷ್ಟಿರುವುದೆಂಬುದರ ಮೇಲೆ ಇಲ್ಲಿಯ ಟ್ಯಾಂಕುಗಳ ಮಿಶ್ರಣವೂ ಒಂದಿಷ್ಟು ಅವಲಂಬಿಸಿದೆ.

ಆದಕಾರಣ ನಮ್ಮ ಪ್ರತಿನಿಧಿಗಳಲ್ಲಿ ನಾವು ಕೇಳುವುದು ಅಲ್ಪವೇ. ಬಂಕಿನ ನಳಿಕೆಯ ಮೇಲೆ ಮಿಶ್ರಣದ ಪ್ರಮಾಣವನ್ನು ದೂರದಿಂದಲೇ ಕಾಣುವಂತೆ ಕನ್ನಡದಲ್ಲಿ ಬರೆಯಿಸಲಿ. ಹಳೆಯ ವಾಹನಗಳ ಮೇಲಾಗುವ ಪರಿಣಾಮವನ್ನು ತೈಲ ಕಂಪನಿಗಳಿಗಾಗಲಿ ಸಕ್ಕರೆ ಕಾರಖಾನೆಗಳಿಗಾಗಲಿ ವಾಹನ ಮಾರುವವರಿಗಾಗಲಿ ಸಂಬಂಧಪಡದ ಒಂದು ಸಂಸ್ಥೆಯಿಂದ ಪರೀಕ್ಷಿಸಿ ವರದಿಯನ್ನು ಪ್ರಕಟಿಸಲಿ. ಆ ವರದಿ ಬರುವವರೆಗೆ ಕಲಬುರಗಿ ಜಿಲ್ಲೆಯ ತಾಲೂಕಿಗೆ ಒಂದು ಬಂಕಿನಲ್ಲಾದರೂ 10ರ ಮಿಶ್ರಣದ ಒಂದು ನಳಿಕೆಯನ್ನು ಉಳಿಸಲಿ.